ಮೇಲೆ ಥಳುಕು, ಒಳಗೆ ಹುಳುಕು: ಹಳೇ ವಿಮಾನಗಳಿಗೆ ಬಣ್ಣ ಬಳಿಯುವವರ ಜೊತೆ ಒಂದು ಜಗಳ

ಜನವರಿ, ಆಗಸ್ಟ್ ಬಂತೆಂದರೆ ನಮ್ಮಲ್ಲಿ ಎರಡು ಜಾತಿಯ ವಸ್ತುಗಳಿಗೆ ಹೊಸ ಬಣ್ಣದ ಯೋಗ. ಒಂದು, ಸರ್ಕಲ್ಲುಗಳಲ್ಲಿ ನಿಂತಿರುವ ಪ್ರತಿಮೆಗಳಿಗೆ. ಇನ್ನೊಂದು, ಪಾರ್ಕು, ಕಾಲೇಜು, ಸೈನಿಕ ಸ್ಮಾರಕಗಳ ಮುಂದೆ ಕಂಬದ ಮೇಲೆ ಮೂತಿ ಎತ್ತಿಕೊಂಡು ನಿಂತಿರುವ ನಿವೃತ್ತ ಯುದ್ಧವಿಮಾನಗಳಿಗೆ. ನಾಲ್ಕು ಡಬ್ಬಿ ಬೆಳ್ಳಿ ಬಣ್ಣ, ಒಂದು ಏಣಿ, ಎರಡು ದಿನದ ಕೂಲಿ. ಮೂರನೇ ದಿನ ವಿಮಾನ ಫಳಫಳ. ಅತಿಥಿಗಳು ಬಂದು ಹಾರ ಹಾಕಿ ಹೋಗುತ್ತಾರೆ. ನಾವು ಬ್ಲಾಗಿಗರು ಫೋಟೋ ಹೊಡೆದು "ನಮ್ಮ ಹೆಮ್ಮೆ" ಅಂತ ತಲೆಬರಹ ಕೊಟ್ಟು ಹಾಕುತ್ತೇವೆ. ಎಲ್ಲರಿಗೂ ಖುಷಿ.

ಆ ಬಣ್ಣದ ಅಡಿಯಲ್ಲಿ ವಿಮಾನ ಮಾತ್ರ ಸದ್ದಿಲ್ಲದೆ ಪುಡಿಯಾಗುತ್ತಿರುತ್ತದೆ.

ನನ್ನ ಜಗಳ ಇಷ್ಟೇ. ಲೋಹವನ್ನು ಕ್ಲೀನ್ ಮಾಡದೆ, ಸರಿಯಾದ ಪ್ರೈಮರ್ ಹಾಕದೆ ಮೇಲೆ ಬಣ್ಣ ಬಳಿಯುವುದು ಸಂರಕ್ಷಣೆ ಅಲ್ಲ, ಸಾಕ್ಷ್ಯನಾಶ. ಹಾಗೆಯೇ "ಆ ಕಾಲದಲ್ಲಿ ಏನು ಹಾಕಿದ್ದರೋ ಅದೇ ಹಳದಿ ಪ್ರೈಮರ್ ಬೇಕು, ಬೇರೆಯದು ಅಪವಿತ್ರ" ಅನ್ನುವ ಮಡಿವಂತಿಕೆ ಇದೆಯಲ್ಲ, ಅದೂ ಅಷ್ಟೇ ತಪ್ಪು. ಮೊದಲನೆಯದು ವಿಮಾನವನ್ನು ತಿನ್ನುತ್ತದೆ, ಎರಡನೆಯದು ಬಣ್ಣ ಹೊಡೆಯುವವನನ್ನು.

"ಅಲ್ಲಾ ಕಣ್ರೀ, ವಿಮಾನ ಅಲ್ಯೂಮಿನಿಯಂದು. ಅದಕ್ಕೆ ತುಕ್ಕು ಹಿಡಿಯಲ್ಲ" ಅನ್ನುವವರು ಮೊದಲು ಅಡುಗೆಮನೆಗೆ ಹೋಗಿ ಬನ್ನಿ. ಹಳೇ ಅಲ್ಯೂಮಿನಿಯಂ ಡಬ್ಬಿಯಲ್ಲಿ ಉಪ್ಪು ಹಾಕಿಟ್ಟರೆ ಏನಾಗುತ್ತದೆ ಅಂತ ಯಾವ ಅಜ್ಜಿಯನ್ನು ಬೇಕಾದರೂ ಕೇಳಿ. ಬಿಳೀ ಪುಡಿ ಏಳುತ್ತದೆ, ಚುಕ್ಕೆ ಚುಕ್ಕೆಯಾಗಿ ಹೊಂಡ ಬೀಳುತ್ತದೆ, ಒಂದು ದಿನ ತೂತೇ ಆಗುತ್ತದೆ. ಹುಣಸೆಹುಳಿ ಇಟ್ಟರೂ ಅದೇ ಗತಿ. ಅಲ್ಯೂಮಿನಿಯಂ ಮೈಮೇಲೆ ತಾನಾಗಿಯೇ ಒಂದು ಆಕ್ಸೈಡ್ ಪೊರೆ ಇರುತ್ತದೆ, ಕೆಲವೇ ನ್ಯಾನೋಮೀಟರ್ ದಪ್ಪದ್ದು. ಆ ಪೊರೆ ಇರುವ ತನಕ ಲೋಹ ಕ್ಷೇಮ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಹೊಂಡ ಶುರು.

ಇದು ಪಾತ್ರೆಯ ಅಲ್ಯೂಮಿನಿಯಂ ಕತೆ. ವಿಮಾನದ್ದು ಇನ್ನೂ ಕಷ್ಟದ ಕತೆ. ಶುದ್ಧ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಅದರಲ್ಲಿ ವಿಮಾನ ಕಟ್ಟೋಕಾಗಲ್ಲ. ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತ ಅದಕ್ಕೆ ತಾಮ್ರ, ಮೆಗ್ನೀಸಿಯಂ ಬೆರೆಸಿ ಬಿಸಿ ಮಾಡಿ, ತಣಿಸಿ, ಕೆಲವು ದಿನ ಸುಮ್ಮನೆ ಬಿಟ್ಟರೆ ಗಟ್ಟಿಯಾಗುತ್ತದೆ ಅಂತ ಕಂಡುಕೊಂಡ. ಅದೇ ಡ್ಯುರಾಲುಮಿನ್. ಅದರ ಮೊಮ್ಮಗ 2024 ಎಂಬ ಮಿಶ್ರಲೋಹ. ಅದರಲ್ಲಿ ಸುಮಾರು ಶೇ. 4.4 ತಾಮ್ರ ಇರುತ್ತದೆ. ಇನ್ನೊಂದು 7075, ಅದರಲ್ಲಿ ಸತು ಜಾಸ್ತಿ, ತಾಮ್ರ ಸುಮಾರು ಶೇ. 1.6. ವಿಮಾನಕ್ಕೆ ಬಲ ಕೊಟ್ಟಿದ್ದೂ ಈ ತಾಮ್ರವೇ, ಅದರ ಕಾಯಿಲೆಯೂ ಈ ತಾಮ್ರವೇ. ಲೋಹದೊಳಗೆ ತಾಮ್ರ ಜಾಸ್ತಿ ಇರುವ ಸಣ್ಣ ಸಣ್ಣ ಕಣಗಳು ಚದುರಿಕೊಂಡಿರುತ್ತವೆ. ಅದರ ಪಕ್ಕದಲ್ಲೇ ಅಲ್ಯೂಮಿನಿಯಂ. ಮೇಲೆ ಒಂದು ಹನಿ ಮಳೆನೀರು ಬಿತ್ತೋ, ಅಲ್ಲೊಂದು ಪುಟಾಣಿ ಬ್ಯಾಟರಿ ಶುರು. ಹೈಸ್ಕೂಲಿನಲ್ಲಿ ಓದಿದ ಅದೇ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ.

ಹೀಗೆ ಸವೆಯುವುದಕ್ಕೂ ಬಗೆಬಗೆ ರೂಪಗಳಿವೆ. ಒಂದು, ಮೇಲೆ ಹೇಳಿದ ಹೊಂಡ. ಇನ್ನೊಂದು ಬಣ್ಣದ ಅಡಿಯಲ್ಲಿ ಎಳೆ ಎಳೆಯಾಗಿ ಹರಿಯುತ್ತದೆ, ಮರದ ತೊಗಟೆ ಕೆಳಗೆ ಹುಳು ಹರಿದ ಹಾಗೆ. ಮೂರನೆಯದರಲ್ಲಿ ಲೋಹದ ತಗಡು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮದುವೆಮನೆಯ ಚಿರೋಟಿ ನೆನಪು ಮಾಡಿಕೊಳ್ಳಿ, ಅಚ್ಚು ಹಾಗೇ. ನಾಲ್ಕನೆಯದು ಎರಡು ತಗಡುಗಳು ಒಂದರ ಮೇಲೊಂದು ಕೂತು ರಿವೆಟ್ ಆಗಿರುವ ಕಡೆ. ಸಂದಿಯೊಳಗೆ ನೀರು ನುಗ್ಗುತ್ತದೆ. ಅಲ್ಲಿ ಹುಟ್ಟುವ ಬಿಳೀ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ರಿವೆಟ್ಟುಗಳ ನಡುವೆ ತಗಡು ದಿಂಬಿನ ಹಾಗೆ ಉಬ್ಬುತ್ತದೆ, ಕೊನೆಗೆ ರಿವೆಟ್ ತಲೆಯೇ ಹಾರುತ್ತದೆ.

ಇದು ಬರೀ ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಫ್ಲೈಟ್ 243 ಆಕಾಶದಲ್ಲಿರುವಾಗಲೇ ಅದರ ಚಾವಣಿಯ ದೊಡ್ಡ ಭಾಗ ಕಿತ್ತು ಹೋಯಿತು. ಒಬ್ಬ ಗಗನಸಖಿ ತೀರಿಕೊಂಡರು. ಅದು 737, ಅಷ್ಟು ಹೊತ್ತಿಗೆ 89,000ಕ್ಕೂ ಹೆಚ್ಚು ಸಲ ಹಾರಿ ಇಳಿದಿತ್ತು. ತಗಡು ಕೂಡುವ ಸಂದಿಯಲ್ಲಿ ಅಂಟು ಬಿಟ್ಟಿತ್ತು, ತುಕ್ಕು ಸೇರಿತ್ತು, ರಿವೆಟ್ ತೂತುಗಳಿಂದ ಬಿರುಕು ಬೆಳೆದಿತ್ತು. ಕಡಲ ಪಕ್ಕದಲ್ಲೇ ಬದುಕಿದ್ದ ವಿಮಾನ ಅದು.

ಸರಿ, ಪ್ರೈಮರ್ ಏನು ಮಾಡುತ್ತದೆ?

ನಮ್ಮ ಮನೆ ಕಿಟಕಿ ಗ್ರಿಲ್ಲಿಗೆ ಪೇಂಟರ್ ಮೊದಲು ರೆಡ್ ಆಕ್ಸೈಡ್ ಹೊಡೆದು ಆಮೇಲೆ ಎನಾಮೆಲ್ ಹೊಡೆಯುತ್ತಾನಲ್ಲ, ಅಷ್ಟು ವಿವೇಕ ನಮಗೆ ಕಬ್ಬಿಣದ ವಿಷಯದಲ್ಲಿದೆ. ವಿಮಾನದ ಪ್ರೈಮರ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಬಣ್ಣ ಅನ್ನುವುದು ಕೊಡೆ ಇದ್ದ ಹಾಗೆ, ಹರಿಯುವ ತನಕ ಮಾತ್ರ ಕಾಯುತ್ತದೆ. ಕೊಡೆ ಹರಿದ ಮೇಲೂ ಕೆಲಸ ಮಾಡುವುದು ಪ್ರೈಮರಿನೊಳಗಿನ ಮದ್ದು. ಹಳೇ ಕಾಲದ ಮದ್ದು ಅಂದರೆ ಕ್ರೋಮೇಟ್. ಮೊದಲು ಸತುವಿನ ಕ್ರೋಮೇಟ್, ಆಮೇಲಿನ ಎಪಾಕ್ಸಿ ಪ್ರೈಮರುಗಳಲ್ಲಿ ಸ್ಟ್ರಾಂಷಿಯಂ ಕ್ರೋಮೇಟ್. ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನಗಳ ಒಳಗೆ ಕಾಣುವ ಹಳದಿ, ಹಳದಿ-ಹಸಿರು ಬಣ್ಣ ಇದೆಯಲ್ಲ, ಅದೇ ಇದು. ಸ್ವಂತ ಬಣ್ಣ ಹಳದಿ, ಕಪ್ಪು ಬೆರೆಸಿದರೆ ಹಸಿರು.

ಅದರ ಜಾಣತನ ನೋಡಿ. ಕ್ರೋಮೇಟ್ ನೀರಿನಲ್ಲಿ ಚೂರೇ ಚೂರು ಕರಗುತ್ತದೆ. ಬಣ್ಣದ ಮೇಲೆ ಗೀರು ಬಿತ್ತು, ಮಳೆನೀರು ಒಳಗೆ ಹೋಯಿತು ಅನ್ನಿ. ಆ ನೀರಲ್ಲೇ ಸ್ವಲ್ಪ ಕ್ರೋಮೇಟ್ ಕರಗಿ ಬರಿಮೈ ಲೋಹದ ಹತ್ತಿರ ಹೋಗುತ್ತದೆ. ಅಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿದು, ನೀರಿನಲ್ಲಿ ಕರಗದ ಒಂದು ಪೊರೆಯಾಗಿ ಕೂರುತ್ತದೆ. ಅದರಲ್ಲೂ ತಾಮ್ರದ ಕಣಗಳ ಮೇಲೆ ಕೂತು ಆ ಪುಟಾಣಿ ಬ್ಯಾಟರಿಯ ಬಾಯಿ ಮುಚ್ಚುತ್ತದೆ. ಗಾಯ ಆದ ಕಡೆ ತಾನೇ ಹೋಗಿ ಪಟ್ಟಿ ಕಟ್ಟುವ ಬಣ್ಣ! ಇಂಥಾ ಉಪಾಯ ಕಂಡುಕೊಂಡವರಿಗೆ ಒಂದು ನಮಸ್ಕಾರ.

ಈಗ ಸರ್ಕಲ್ಲಿನ ವಿಮಾನಕ್ಕೆ ಬನ್ನಿ. ಅಲ್ಲಿ ಆಗುವುದೇನು? ಹಳೇ ಬಣ್ಣ ಎದ್ದು ಬಂದ ಕಡೆ ಕಬ್ಬಿಣದ ಬ್ರಶ್ಶಿನಲ್ಲಿ ಉಜ್ಜುತ್ತಾರೆ. ಉಜ್ಜಿದಾಗ ಕಬ್ಬಿಣದ ಚೂರುಗಳು ಅಲ್ಯೂಮಿನಿಯಂ ಒಳಗೆ ನಾಟಿಕೊಳ್ಳುತ್ತವೆ, ಅಂದರೆ ಹೊಸ ಬ್ಯಾಟರಿಗಳು. ಹಳೇ ವಿಮಾನಗಳ ಎಷ್ಟೋ ತಗಡುಗಳ ಮೇಲೆ ಅಲ್‌ಕ್ಲ್ಯಾಡ್ ಅನ್ನುವ ಶುದ್ಧ ಅಲ್ಯೂಮಿನಿಯಂ ಪದರ ಇರುತ್ತದೆ. ಒಳಗಿನ ಮಿಶ್ರಲೋಹವನ್ನು ಕಾಯುವುದಕ್ಕೆಂದೇ 1920ರ ದಶಕದಲ್ಲಿ ಅಮೆರಿಕದಲ್ಲಿ ಕಂಡುಹಿಡಿದದ್ದು. ತಗಡಿನ ದಪ್ಪದ ನೂರರಲ್ಲಿ ಐದು ಪಾಲೋ, ಅದಕ್ಕಿಂತ ಕಡಿಮೆಯೋ ಇರುವ ಪದರ. ಉತ್ಸಾಹಿಗಳು ಕನ್ನಡಿ ಹೊಳಪು ಬರಲಿ ಅಂತ ಅದನ್ನೇ ತೀಡಿ ತೆಗೆಯುತ್ತಾರೆ. ಆಮೇಲೆ ಗೇಟಿಗೆ ಹೊಡೆಯುವ ಎನಾಮೆಲ್. ಲೋಹದ ಮೇಲಿನ ಎಣ್ಣೆ, ಧೂಳು, ಪಾರಿವಾಳದ ಹಿಕ್ಕೆ, ಬಿಳೀ ಪುಡಿ ಎಲ್ಲವೂ ಅದರ ಅಡಿಯಲ್ಲಿ ಸೀಲ್. ಮುಂದಿನ ವರ್ಷ ಮತ್ತೆ ಉಬ್ಬಿದಾಗ ಮತ್ತೊಂದು ಕೋಟ್.

ನಮ್ಮ ಕಸುಬಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಎರರ್ ಮೆಸೇಜನ್ನೇ ಕಾಣದ ಹಾಗೆ ಮಾಡಿ "ಬಗ್ ಫಿಕ್ಸ್ ಆಯ್ತು" ಅಂತ ಟಿಕೆಟ್ ಕ್ಲೋಸ್ ಮಾಡುವುದು ಇದು :-)

ಮುಖ್ಯವಾದ ಮಾತೊಂದಿದೆ. ವಿಮಾನ ಕೆಡುವುದು ಹೊರಗಿನಿಂದಲ್ಲ, ಒಳಗಿನಿಂದ. ವಿಮಾನದ ಹೊಟ್ಟೆಯಲ್ಲಿ ನೀರು ಹರಿದು ಹೋಗಲು ತೂತುಗಳಿರುತ್ತವೆ. ಕಂಬದ ಮೇಲೆ ಮೂತಿ ಎತ್ತಿ ನಿಲ್ಲಿಸಿದ ಮೇಲೆ ನೀರು ಹರಿಯುವ ದಿಕ್ಕೇ ಬದಲಾಗುತ್ತದೆ. ಇದ್ದ ತೂತುಗಳೂ ಎಲೆ, ಮಣ್ಣು, ಹಕ್ಕಿಗೂಡುಗಳಿಂದ ಮುಚ್ಚುತ್ತವೆ, ಇಲ್ಲವೇ ಪೇಂಟರೇ ಮುಚ್ಚುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಲದ ಕಡೆ ನೀರು ನಿಂತಿರುತ್ತದೆ. ಹೊರಗೆ ಎಷ್ಟು ಕೋಟ್ ಹೊಡೆದರೇನು? ಒಳಗೊಂದು ಸಣ್ಣ ಕೆರೆಯೇ ಇದೆಯಲ್ಲ!

"ಹಾರದ ವಿಮಾನಕ್ಕೆ ಇಷ್ಟೆಲ್ಲಾ ಯಾಕ್ರೀ?" ಇದು ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಪ್ರಶ್ನೆ. ಹಾರುವ ವಿಮಾನಕ್ಕೆ ಪ್ರತಿ ವರ್ಷ ತಪಾಸಣೆ ಇದೆ, ಇಂಜಿನಿಯರ್ ಸಹಿ ಇದೆ, ಹ್ಯಾಂಗರ್ ಇದೆ. ಹಾರದ ವಿಮಾನಕ್ಕೆ ಯಾರೂ ಇಲ್ಲ. ಬಿಸಿಲು ಮಳೆಯಲ್ಲಿ ವರ್ಷದ 365 ದಿನ ನಿಂತಿರುವುದು ಅದೇ. ಅದಕ್ಕೇ ಹೆಚ್ಚು ಜೋಪಾನ ಬೇಕು.

ಇದಕ್ಕೆ ಸಾಕ್ಷಿ ಬೇಕೆಂದರೆ ಮೆಂಫಿಸ್ ಬೆಲ್ ಕತೆ ಕೇಳಿ. ಎರಡನೇ ಮಹಾಯುದ್ಧದ ಬಿ-17 ಬಾಂಬರ್. ಅದರ ತಂಡ 1943ರ ಮೇ 17ರಂದು ತನ್ನ 25ನೇ ಕಾರ್ಯಾಚರಣೆ ಮುಗಿಸಿ ಮನೆಮಾತಾಯಿತು. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಬೇಕಿದ್ದ ಅದನ್ನು 1946ರಲ್ಲಿ ಮೆಂಫಿಸ್ ಊರಿನವರು ಬರೀ 350 ಡಾಲರಿಗೆ ಕೊಂಡುಕೊಂಡರು. ಪ್ರೀತಿಯಿಂದಲೇ ಕೊಂಡದ್ದು, ಅದರಲ್ಲಿ ಅನುಮಾನ ಇಲ್ಲ. ಆಮೇಲೆ? ದಶಕಗಟ್ಟಲೆ ಬಯಲಲ್ಲಿ ನಿಲ್ಲಿಸಿದರು. ಮಳೆ ಬಡಿಯಿತು, ಕಳ್ಳರು ಒಳಗಿನ ಸಾಮಾನು ಕದ್ದರು. 1987ರಲ್ಲಿ ಒಂದು ಚಾವಣಿ ಕಟ್ಟಿದರೂ ಗೋಡೆ ಇರಲಿಲ್ಲ, ಹಕ್ಕಿಗಳಿಗೆ ಅನುಕೂಲವಾಯಿತು. ಕೊನೆಗೆ 2005ರಲ್ಲಿ ಅಮೆರಿಕದ ವಾಯುಪಡೆ ಅದನ್ನು ಡೇಟನ್‌ನ ತನ್ನ ಮ್ಯೂಸಿಯಂಗೆ ಒಯ್ದು, ತುಕ್ಕು ತೆಗೆದು, ಸರಿ ಮಾಡಿ, 2018ರ ಮೇ 17ರಂದು ಜನರಿಗೆ ತೋರಿಸಿತು. ಹದಿಮೂರು ವರ್ಷದ ಕೆಲಸ! ಮೊದಲೇ ಒಂದು ಸೂರು, ಒಂದು ಒಳ್ಳೆ ಪ್ರೈಮರ್ ಕೊಟ್ಟಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈಗ ಇನ್ನೊಂದು ಕತೆ, ನಮ್ಮೂರಿನದೇ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರುಗಳನ್ನು ಮತ್ತೆ ಯಾರೂ ಬಳಸದ ಹಾಗೆ ಹಾಳುಗೆಡವಿ ಬಿಟ್ಟು ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಕಾನ್ಪುರಕ್ಕೆ ಹೋಗಿ, ಆ ಗುಜರಿಯಲ್ಲಿ ಹಾರುವಂಥವನ್ನು ಆರಿಸಿ, ಅಲ್ಲೇ ಅಷ್ಟಿಷ್ಟು ರಿಪೇರಿ ಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಬಿಚ್ಚಿ, ತೊಳೆದು, ಸರಿಮಾಡಿ ವಾಯುಪಡೆಗೆ ಕೊಟ್ಟರು. ಹೀಗೆ ನಲವತ್ತರಷ್ಟು ವಿಮಾನ! ಅವು 1968ರ ತನಕ ಸೇವೆಯಲ್ಲಿದ್ದವು. ಆಮೇಲೆ ಕೆಲವನ್ನು ವಿದೇಶಗಳಿಗೆ ಕೊಡಲಾಯಿತು. ಇವತ್ತು ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಕೆನಡಾದ ಒಟ್ಟಾವದಲ್ಲಿ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ಇರುವ ಲಿಬರೇಟರುಗಳು ಭಾರತದಿಂದ ಹೋದವು. ಒಂದು ದೆಹಲಿಯ ಪಾಲಂನಲ್ಲೂ ಇದೆ. ಅಮೆರಿಕದವರು ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್ ಕಟ್ಟಿದ್ದರು, ಹೆಚ್ಚೂ ಕಡಿಮೆ ಎಲ್ಲವನ್ನೂ ಕರಗಿಸಿ ಹಾಕಿದರು. ಕೊನೆಗೆ ಉಳಿದ ಬೆರಳೆಣಿಕೆಯಲ್ಲಿ ಇಷ್ಟೊಂದು ಉಳಿದದ್ದು ಬೆಂಗಳೂರಿನ ಕೆಲಸಗಾರರ ಕೈಯಿಂದ.

ಇಂಥಾ ಊರಿನವರು ನಾವು. "ನಮ್ಮಲ್ಲಿ ಆ ಟೆಕ್ನಾಲಜಿ ಎಲ್ಲಿದೆ" ಅಂತ ದಯವಿಟ್ಟು ಹೇಳಬೇಡಿ. ಎಚ್‌ಎಎಲ್ ಇಲ್ಲೇ ಇದೆ, ಎನ್‌ಎಎಲ್ ಇಲ್ಲೇ ಇದೆ. ಪಕ್ಕದ ತಮಿಳುನಾಡಿನ ಕಾರೈಕುಡಿಯಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾಲಯ ಇದೆ, ತುಕ್ಕಿನ ವಿಷಯದಲ್ಲೇ ದಶಕಗಳಿಂದ ಕೆಲಸ ಮಾಡುತ್ತಾ ಬಂದಿರುವುದು. ಕೊರತೆ ಇರುವುದು ಟೆಕ್ನಾಲಜಿಯದ್ದಲ್ಲ, ಟೆಂಡರಿನದ್ದು. "ಬಣ್ಣ ಬಳಿಯುವುದು" ಅಂತ ಮಾತ್ರ ಬರೆದ ಟೆಂಡರಿನಲ್ಲಿ ಬಣ್ಣ ಮಾತ್ರ ಬರುತ್ತದೆ.

ಇನ್ನು ಎರಡನೇ ಗುಂಪಿನ ಜೊತೆ ಜಗಳ. ಇವರು ತಿಳಿದವರು, ಓದಿಕೊಂಡವರು, ವಿಮಾನವನ್ನು ನಿಜವಾಗಿ ಪ್ರೀತಿಸುವವರು. ಅದಕ್ಕೇ ಇವರ ಜೊತೆ ಜಗಳ ಆಡುವುದಕ್ಕೆ ಬೇಜಾರು. ಇವರ ವಾದ ಹೀಗಿದೆ: ಕ್ರೋಮೇಟಿಗೆ ಸಮನಾದದ್ದು ಇನ್ನೂ ಬಂದಿಲ್ಲ. ಹಳೇ ವಿಮಾನದ ಮೇಲೆ ಹಳೇ ಪ್ರೈಮರೇ ಇರಬೇಕು. ಹೊಸದೆಲ್ಲ ಪರಿಸರವಾದಿಗಳ ಕಾಟ.

ಮೊದಲ ಮಾತನ್ನು ಒಪ್ಪುತ್ತೇನೆ. ತಾಮ್ರ ಇರುವ ಮಿಶ್ರಲೋಹದ ಮೇಲೆ, ತರಹೇವಾರಿ ಹವೆಯಲ್ಲಿ, ಕ್ರೋಮೇಟಿನಷ್ಟು ನಂಬಿಕಸ್ಥ ಮದ್ದು ಸಿಗುವುದು ಕಷ್ಟ. ಅದಕ್ಕೇ ಅಮೆರಿಕದ ಮಿಲಿಟರಿಯ ಎಪಾಕ್ಸಿ ಪ್ರೈಮರಿನ ನಿಯಮಾವಳಿಯಲ್ಲಿ ಕ್ರೋಮೇಟ್ ಇರುವುದು, ಇಲ್ಲದಿರುವುದು ಅಂತ ಎರಡು ವರ್ಗಗಳಿವೆ. ಒಂದೇ ಏಟಿಗೆ ಕೈಬಿಡಲು ಅವರಿಂದಲೂ ಆಗಿಲ್ಲ.

ಆದರೆ ಅದು ಮದ್ದಾಗಲು ಯಾವ ಗುಣ ಕಾರಣವೋ ಅದೇ ಗುಣದಿಂದ ಅದು ವಿಷ. ಆರು ವೇಲೆನ್ಸಿಯ ಕ್ರೋಮಿಯಂ ಸುಲಭವಾಗಿ ಚಲಿಸುತ್ತದೆ, ಜೀವಕೋಶದೊಳಗೂ ನುಗ್ಗುತ್ತದೆ, ಅಲ್ಲಿ ಮೂರಕ್ಕೆ ಇಳಿಯುವಾಗ ಡಿಎನ್‌ಎಗೆ ಏಟು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 1990ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದಲ್ಲಿ 2006ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಇರಬಹುದಾದ ಪ್ರಮಾಣವನ್ನು ಘನಮೀಟರಿಗೆ 52 ಮೈಕ್ರೋಗ್ರಾಮಿನಿಂದ 5ಕ್ಕೆ ಇಳಿಸಿದರು. ಯುರೋಪ್ ಒಕ್ಕೂಟದಲ್ಲಿ 2019ರ ಜನವರಿ 22ರ ನಂತರ ವಿಶೇಷ ಅನುಮತಿ ಇಲ್ಲದೆ ಸ್ಟ್ರಾಂಷಿಯಂ ಕ್ರೋಮೇಟ್ ಬಳಸುವಂತಿಲ್ಲ. ಇದು ಯಾರದೋ ಕಾಟ ಅಲ್ಲ ಸ್ವಾಮಿ, ಶ್ವಾಸಕೋಶದ ಲೆಕ್ಕ.

ನಮ್ಮ ಕಡೆಯ ಒಂದು ಊರಲ್ಲಿ, ಊರಿನ ಹೆಸರು ಬೇಡ, ಹಳೇ ವಿಮಾನವೊಂದಕ್ಕೆ ಬಣ್ಣದ ಕೆಲಸ ನಡೆಯುವುದನ್ನು ನಿಂತು ನೋಡಿದ್ದೇನೆ. ಇಬ್ಬರು ಹುಡುಗರು ಒಣ ಎಮೆರಿ ಪೇಪರಿನಲ್ಲಿ ರೆಕ್ಕೆ ಉಜ್ಜುತ್ತಿದ್ದರು. ಬೆಳ್ಳಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿ, ಹಳದಿ ಧೂಳು ಮುಖದ ತುಂಬಾ. ಮೂಗಿಗೊಂದು ಕರ್ಚೀಫ್. "ಅಣ್ಣಾ, ಮಾಸ್ಕ್ ಕೊಟ್ಟಿಲ್ವಾ?" ಅಂದೆ. "ಬಿಡಿ ಸಾರ್, ಪೇಂಟ್ ಧೂಳು ನಮಗೇನು ಹೊಸದಾ" ಅಂದ ದೊಡ್ಡವನು. ಉಸ್ತುವಾರಿಯವರಿಗೆ ಹೇಳಿದರೆ "ನೀವು ಯಾವ ಡಿಪಾರ್ಟ್‌ಮೆಂಟು?" ಅಂತ ನನ್ನನ್ನೇ ಕೇಳಿದರು. ಆ ಹುಡುಗರಿಗೆ ಗೇಟಿನ ಬಣ್ಣದ ಧೂಳಿಗೂ ಇದಕ್ಕೂ ವ್ಯತ್ಯಾಸ ಇದೆ ಅಂತ ಯಾರೂ ಹೇಳಿರಲಿಲ್ಲ. ಹೇಳಬೇಕಾದ್ದು ಅವರ ಕೆಲಸವೂ ಅಲ್ಲ, ಕೆಲಸಕ್ಕೆ ಕರೆದವರದ್ದು.

ಮಡಿವಂತ ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಿ. ನೀವು ಬೇಕು ಅನ್ನುವ "ಒರಿಜಿನಲ್" ಪ್ರೈಮರನ್ನು ನೀವು ಹೊಡೆಯುವುದಿಲ್ಲ. ಸ್ಪ್ರೇ ಗನ್ ಹಿಡಿಯುವವನು ಇವನೇ. ಹದಿನೈದು ವರ್ಷದ ಮೇಲೆ ಅದನ್ನು ಮತ್ತೆ ಉಜ್ಜಿ ತೆಗೆಯುವವನು ಇವನ ಮಗ. ಪ್ರೈಮರ್ ಹೊಡೆಯುವಾಗಿನ ಅಪಾಯ ಎಲ್ಲರಿಗೂ ಗೊತ್ತು, ಉಜ್ಜುವಾಗಿನ ಅಪಾಯ ಎಲ್ಲರೂ ಮರೆಯುತ್ತಾರೆ. ಹಳೇ ವಿಮಾನದ ಕೆಲಸ ಅಂದರೆ ಮೊದಲು ಉಜ್ಜುವ ಕೆಲಸವೇ.

ಇನ್ನೊಂದು ಗೊಂದಲ ಇದೆ, ಅದನ್ನೂ ಬಿಡಿಸೋಣ. ಬಣ್ಣ ಬೇರೆ, ಮದ್ದು ಬೇರೆ. ಕಾಕ್‌ಪಿಟ್ಟಿನ ಒಳಗೆ ಅದೇ ಹಳದಿ-ಹಸಿರು ಕಾಣಬೇಕು ಅಂದರೆ ಕ್ರೋಮೇಟ್ ಇಲ್ಲದ ಎಪಾಕ್ಸಿ ಪ್ರೈಮರ್ ಹಾಕಿ, ಮೇಲಿನ ಬಣ್ಣವನ್ನು ಅದೇ ಛಾಯೆಗೆ ಕಲಸಿಕೊಳ್ಳಿ. ನೋಡುವವನ ಕಣ್ಣಿಗೆ ವ್ಯತ್ಯಾಸ ಇಲ್ಲ. ಕ್ರೋಮೇಟ್ ಬಿಟ್ಟರೆ ಗತಿಯಿಲ್ಲ ಅನ್ನುವ ಕಾಲವೂ ಹೋಯಿತು. ಸತುವಿನ ಫಾಸ್ಫೇಟ್ ಇರುವ ಪ್ರೈಮರುಗಳಿವೆ. ಮೆಗ್ನೀಸಿಯಂ ಪುಡಿ ತುಂಬಿದ ಪ್ರೈಮರ್ ಇದೆ, ಅಲ್ಯೂಮಿನಿಯಂ ಬದಲು ತಾನೇ ಸವೆಯುವಂಥದ್ದು. ಪ್ರಸಿಯೋಡಿಮಿಯಂ ಎಂಬ ವಿರಳ ಧಾತುವಿನದ್ದಿದೆ. ಲಿಥಿಯಂ ಲವಣದ್ದಿದೆ, ಅದು ಕ್ರೋಮೇಟಿನ ಹಾಗೆಯೇ ಕರಗಿ ಬಂದು ಗೀರಿನ ಮೇಲೆ ಪೊರೆ ಕಟ್ಟುತ್ತದೆ. ಪ್ರೈಮರಿಗೆ ಮುಂಚೆ ಲೋಹಕ್ಕೆ ಕೊಡುವ ರಾಸಾಯನಿಕ ಸ್ನಾನಕ್ಕೂ ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣವನ್ನು ಅಮೆರಿಕದ ನೌಕಾಪಡೆಯವರೇ ಕಂಡುಹಿಡಿದು ಬಳಸುತ್ತಿದ್ದಾರೆ. ಗಂಟೆಗೆ ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ಹಾರದ, ಅತಿಶೀತ ಆಕಾಶ ಕಾಣದ, ವರ್ಷಕ್ಕೊಮ್ಮೆ ಹತ್ತಿರ ಹೋಗಿ ಮುಟ್ಟಿ ನೋಡಬಹುದಾದ ಸರ್ಕಲ್ಲಿನ ವಿಮಾನಕ್ಕೆ ಇವು ಧಾರಾಳ ಸಾಕು.

ಹಾರುವ ವಿಂಟೇಜ್ ವಿಮಾನದ ಮಾತು ಬೇರೆ. ಬ್ರಿಟನ್ನಿನಲ್ಲಿ ಸರಿಪಡಿಸಿ 2018ರಲ್ಲಿ ನಮ್ಮ ವಾಯುಪಡೆಗೆ ಸೇರಿದ "ಪರಶುರಾಮ" ಹೆಸರಿನ ಡಕೋಟಾದಂಥವಕ್ಕೆ ಜೀವದ ಪ್ರಶ್ನೆ ಇದೆ. ಅಂಥ ಕಡೆ ಕ್ರೋಮೇಟೇ ಬೇಕು ಅಂತ ಇಂಜಿನಿಯರ್ ಹೇಳಿದರೆ ನಾನು ಎದುರು ಹೇಳುವುದಿಲ್ಲ. ಆದರೆ ಅದು ಮುಚ್ಚಿದ ಬೂತಿನಲ್ಲಿ, ಗಾಳಿ ಸೋಸುವ ಯಂತ್ರದ ಕೆಳಗೆ, ಉಸಿರಾಟದ ಕವಚ ಹಾಕಿದ ತರಬೇತಾದವನ ಕೈಯಲ್ಲಿ ಆಗಲಿ. ಬೇವಿನಮರದ ಕೆಳಗೆ ಕರ್ಚೀಫ್ ಕಟ್ಟಿಕೊಂಡವನ ಕೈಯಲ್ಲಿ ಅಲ್ಲ.

ಅಂದಹಾಗೆ, ಎಲ್ಲಕ್ಕೂ ಪ್ರೈಮರೇ ಉತ್ತರ ಅಂತಲೂ ಅಲ್ಲ. 1940ರ ಆಗಸ್ಟಿನಲ್ಲಿ ಇಂಗ್ಲಿಷ್ ಕಾಲುವೆಗೆ ಬಿದ್ದಿದ್ದ ಜರ್ಮನಿಯ ಡಾರ್ನಿಯರ್ 17 ಬಾಂಬರನ್ನು 2013ರ ಜೂನ್‌ನಲ್ಲಿ ಮೇಲೆತ್ತಿದಾಗ ಆರ್‌ಎಎಫ್ ಮ್ಯೂಸಿಯಂನವರು ಅದಕ್ಕೆ ಬಣ್ಣ ಬಳಿಯಲಿಲ್ಲ. ಕಾಸ್ಫರ್ಡ್‌ನಲ್ಲಿ ಟನೆಲ್ ಕಟ್ಟಿ, ಅದರೊಳಗಿಟ್ಟು, ತಿಂಗಳುಗಟ್ಟಲೆ ತೆಳುವಾದ ಸಿಟ್ರಿಕ್ ಆಮ್ಲದ ನೀರು ಚಿಮುಕಿಸಿದರು. ನಿಂಬೆಹಣ್ಣಿನಲ್ಲಿರುವುದೂ ಅದೇ ಆಮ್ಲ. ಮೊದಲು ಉಪ್ಪು ಹೊರಗೆ ಬರಬೇಕು, ಉಳಿದದ್ದೆಲ್ಲ ಆಮೇಲೆ. ನಮ್ಮ ಕಾರವಾರದ ಕಡಲ ತಡಿಯಲ್ಲೂ, ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲೂ ನೌಕಾಪಡೆಯ ದೈತ್ಯ ಟುಪೊಲೆವ್-142 ವಿಮಾನಗಳಿವೆ. ಕಡಲ ಗಾಳಿಯೆಂದರೆ ಉಪ್ಪಿನ ಡಬ್ಬಿಯೇ. ಅವಕ್ಕೆ ಹೊಳಪಿಗಿಂತ ಮೊದಲು ಬೇಕಾದ್ದು ಸಿಹಿನೀರಿನ ಸ್ನಾನ, ತಿಂಗಳು ತಿಂಗಳಿಗೂ.

ಹಾಗಾದರೆ ಏನು ಮಾಡಬೇಕು? ಬರೀ ಬೈದು ಹೋಗುವವನು ನಾನಲ್ಲ, ಪಟ್ಟಿ ಕೊಡುತ್ತೇನೆ.

ಒಂದು, ಮೊದಲು ಫೋಟೋ ತೆಗೆದು ಹಳೇ ಬಣ್ಣ, ಅಕ್ಷರ, ನಂಬರುಗಳನ್ನು ದಾಖಲಿಸಿ. ಹಳೇ ಬಣ್ಣವೂ ಚರಿತ್ರೆಯೇ. ಎರಡು, ಕಬ್ಬಿಣದ ಬ್ರಶ್ ಮುಟ್ಟಬೇಡಿ, ಒಣಗಿಸಿ ಉಜ್ಜಬೇಡಿ. ಒದ್ದೆ ಮಾಡಿ ಉಜ್ಜಿ, ಉಜ್ಜುವವರಿಗೆ ಸರಿಯಾದ ಮಾಸ್ಕು, ಕೈಗವಸು ಕೊಡಿ, ಹೊಲಸು ನೀರನ್ನು ಚರಂಡಿಗೆ ಬಿಡಬೇಡಿ. ಮೂರು, ಬಿಳೀ ಪುಡಿ ಪೂರ್ತಿ ಹೋಗುವ ತನಕ ಬಿಡಬೇಡಿ. ಲೋಹ ಕ್ಲೀನ್ ಆಗಿದೆಯಾ ಅಂತ ನೋಡುವುದಕ್ಕೆ ಸುಲಭದ ಪರೀಕ್ಷೆ ಇದೆ. ನೀರು ಸುರಿಯಿರಿ. ಹನಿ ಹನಿಯಾಗಿ ಒಡೆದರೆ ಎಣ್ಣೆ ಇನ್ನೂ ಇದೆ, ಹಾಳೆಯ ಹಾಗೆ ಹರಡಿಕೊಂಡರೆ ಪಾಸ್. ನಾಲ್ಕು, ಎರಡು ಡಬ್ಬಿ ಬೆರೆಸಿ ಹಾಕುವ ಎಪಾಕ್ಸಿ ಪ್ರೈಮರ್, ತೆಳ್ಳಗೆ. 15ರಿಂದ 25 ಮೈಕ್ರಾನ್ ಸಾಕು, ನಮ್ಮ ಕೂದಲಿಗಿಂತ ತೆಳು. ದಪ್ಪ ಹೊಡೆದರೆ ಒಳ್ಳೇದು ಅನ್ನುವುದು ಸುಳ್ಳು, ದಪ್ಪಗಿದ್ದರೆ ಬಿರಿಯುತ್ತದೆ. ಅದರ ಮೇಲೆ, ತಯಾರಕರು ಹೇಳಿದ ಸಮಯದೊಳಗೆ, ಪಾಲಿಯುರೆಥೇನ್ ಬಣ್ಣ. ಐದು, ಒಳಗಡೆ ನೀರು ಹೋಗುವ ದಾರಿ ಮಾಡಿ, ಸಂದಿಗಳಿಗೆ ತುಕ್ಕು ತಡೆಯುವ ಎಣ್ಣೆ ಅಥವಾ ಮೇಣ ಬಿಡಿ, ಹಕ್ಕಿಗೆ ಬಲೆ ಹಾಕಿ. ಆರು, ಆಗುವುದಾದರೆ ಒಂದು ಸೂರು. ಸೂರಿಗಿಂತ ದೊಡ್ಡ ಪ್ರೈಮರ್ ಇಲ್ಲ.

ಏಳನೆಯದು ನನ್ನ ಮುಖ್ಯ ಬೇಡಿಕೆ. ಪ್ರತಿ ವಿಮಾನದ ಮುಂದೆ ಉದ್ಘಾಟನೆ ಮಾಡಿದವರ ಹೆಸರಿನ ಕಲ್ಲಿರುತ್ತದಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಹಲಗೆ ಹಾಕಿ. ಯಾವ ಪ್ರೈಮರ್ ಹಾಕಿದೆ, ಯಾವ ದಿನ ಹಾಕಿದೆ, ಮುಂದಿನ ತಪಾಸಣೆ ಯಾವಾಗ, ಜವಾಬ್ದಾರಿ ಯಾರದ್ದು. ನಾಲ್ಕೇ ಸಾಲು. ಲಿಫ್ಟಿನೊಳಗೆ ಹಾಕುತ್ತಾರೆ, ಬೆಂಕಿ ಆರಿಸುವ ಸಿಲಿಂಡರಿಗೆ ಹಾಕುತ್ತಾರೆ. ವಿಮಾನಕ್ಕೆ ಯಾಕಾಗಲ್ಲ?

"ದುಡ್ಡು ಎಲ್ಲಿಂದ ತರೋದು?" ಅಂತ ಕೇಳುತ್ತೀರಿ. ಪ್ರತಿ ವರ್ಷ ಎರಡು ಸಲ ಹೊಡೆಯುವ ಎನಾಮೆಲ್ಲು, ಕೂಲಿ, ಶಾಮಿಯಾನ, ಹಾರ, ಮೈಕ್‌ಸೆಟ್ಟಿನ ದುಡ್ಡನ್ನು ಹತ್ತು ವರ್ಷಕ್ಕೆ ಕೂಡಿಸಿ ನೋಡಿ. ಒಂದೇ ಸಲ ಸರಿಯಾಗಿ ಮಾಡಿದರೆ ಬಣ್ಣದ ಗೊಡವೆ ವರ್ಷಗಟ್ಟಲೆ ಇರುವುದಿಲ್ಲ, ತೊಳೆದರೆ ಸಾಕು.

ಕೊನೆಯದಾಗಿ, ಇದೆಲ್ಲ ಬರೀ ಲೋಹದ ಮೋಹ ಅನ್ನುವವರಿಗೆ ಒಂದು ಮಾತು. 1951ರಲ್ಲಿ ಮೊದಲು ಹಾರಿದ ಎಚ್‌ಟಿ-2, 1961ರ ಜೂನ್ 17ರಂದು ಹಾರಿದ ಎಚ್‌ಎಫ್-24 ಮಾರುತ್, ಎರಡೂ ಬೆಂಗಳೂರಿನ ಮಣ್ಣಿನಲ್ಲಿ ಹುಟ್ಟಿದವು. ಮಾರುತ್ ಆದದ್ದು ಒಟ್ಟು 147. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಇಂಜಿನಿಯರನ ಹೆಸರು ಪುಸ್ತಕದಲ್ಲಿದೆ. ತಗಡು ಬಗ್ಗಿಸಿದ, ರಿವೆಟ್ ಹೊಡೆದ, ಪ್ರೈಮರ್ ಹಾಕಿದ ಫಿಟ್ಟರುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಸಹಿ ಇರುವುದು ಆ ತಗಡಿನ ಮೇಲೆ ಮಾತ್ರ. ರಿವೆಟ್ಟಿನ ಸಾಲು ಎಷ್ಟು ನೇರ ಇದೆ, ಪ್ಯಾನೆಲ್ ಹೇಗೆ ಕೂತಿದೆ, ಅದೇ ಅವರ ಕೈಬರಹ. ತಗಡು ಪುಡಿಯಾದರೆ ಆ ಕೈಬರಹ ಮತ್ತೆ ಸಿಗಲ್ಲ. ಹೊಸ ತಗಡು ಹಾಕಬಹುದು, ಆದರೆ ಅದು ಅವರು ಮಾಡಿದ್ದಾಗಿರುವುದಿಲ್ಲ.

ಹಾಗಾಗಿ ಬ್ಲಾಗ್ ಗೆಳೆಯರೇ, ಮುಂದಿನ ಸಲ ಹಳೇ ವಿಮಾನದ ಹತ್ತಿರ ಹೋದಾಗ ಮೂತಿಯ ಫೋಟೋ ಸಾಕು ಮಾಡಿ. ಬಗ್ಗಿ ಹೊಟ್ಟೆಯ ಫೋಟೋ ತೆಗೆಯಿರಿ. ರಿವೆಟ್ ಸಾಲಿನ ಪಕ್ಕ ಉಬ್ಬಿದೆಯಾ, ಬಣ್ಣದ ಕೆಳಗೆ ಹುಳು ಹರಿದ ಗೆರೆ ಇದೆಯಾ, ಚಕ್ರದ ಸುತ್ತ ಬಿಳೀ ಪುಡಿ ಇದೆಯಾ, ತೂತಿನಿಂದ ನೀರು ಇಳಿಯುತ್ತಿದೆಯಾ, ನೋಡಿ ಬರೆಯಿರಿ. ಬಣ್ಣ ಉಜ್ಜುವವರು ಯಾರಾದರೂ ಇದ್ದರೆ ಎರಡು ಮಾತಾಡಿಸಿ, ಆ ಹಳದಿ ಧೂಳು ಏನು ಅಂತ ಹೇಳಿ. ಹತ್ತು ಊರಿನಿಂದ ಹತ್ತು ಪೋಸ್ಟ್ ಬಂದರೆ ಟೆಂಡರ್ ಬರೆಯುವವರ ಕಣ್ಣಿಗೂ ಬೀಳಬಹುದು.

ನಿಮ್ಮೂರಿನ ವಿಮಾನದ ಹೊಟ್ಟೆ ಹೇಗಿದೆ?